ರುಚಿ ಪುಸ್ತಕದ ಸಹಿ

ಭದ್ರಾವತಿಯ ಓಲ್ಡ್ ಟೌನಿನ ಒಂದು ಸರ್ಕಾರಿ ಶಾಲೆಯಲ್ಲಿ ಸೌಂದರ್ಯ ಹನ್ನೊಂದು ವರ್ಷದಿಂದ ಶಿಕ್ಷಕಿ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಕೆಲಸ ಅವಳದು. ಎರಡು ವರ್ಷ ಅವಳು ಒಂದು ಅಗುಳನ್ನೂ ಬಾಯಿಗೆ ಹಾಕದೆ ‘ರುಚಿ ಚೆನ್ನಾಗಿದೆ’ ಎಂದು ಬರೆದಳು.

ಆಲಸ್ಯದಿಂದಲ್ಲ. ತಟ್ಟೆಯ ಮುಂದೆ ಕುಳಿತರೆ ಎದುರಿಗೆ ಇನ್ನೊಬ್ಬಳು ಬಂದು ಕೂರುತ್ತಿದ್ದಳು. ಸೌಂದರ್ಯಳದೇ ಮುಖ, ಅದೇ ಸೀರೆ. ಕೆನ್ನೆ ಮಾತ್ರ ಇನ್ನೂ ಒಳಕ್ಕೆ ಹೋಗಿತ್ತು. ಅವಳು ಆಡುತ್ತಿದ್ದದ್ದು ಒಂದೇ ಮಾತು: ಸಾಕು. ಜನ್ನಾಪುರದ ಮನೆಯಲ್ಲಿ ತಾಯಿ ಜಗದಾಂಬಾ ಅನ್ನ ಕಲಸಿಕೊಂಡು ಕಾದರು, ಬೈದರು, ತಾಯತ ಕಟ್ಟಿಸಿದರು. ಪಕ್ಕದ ಮನೆಯ ಉಚ್ಚಂಗಮ್ಮ ಇದು ದೆವ್ವದ ಕಾಟವೇ ಎಂದರು. ತೀರ ತಪ್ಪು ಎನ್ನಲಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಎದುರೇ ಅವಳು ಎರಡನೆಯ ಸಲ ತಲೆ ಸುತ್ತಿ ಬಿದ್ದ ಮೇಲೆ, ಶಿವಮೊಗ್ಗದ ವೈದ್ಯರು ಊಟವಿಲ್ಲದೆ ಹೃದಯ ಸೋತಿದೆ, ಹೀಗೇ ನಡೆದರೆ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಔಷಧಿ ಬರೆದು, ಅಲ್ಲೇ ಸವಳಂಗ ರಸ್ತೆಯ ಆಪ್ತಸಮಾಲೋಚಕಿ ಭವಾನಿಯವರ ಬಳಿಗೂ ಕಳಿಸಿದರು.

ಭವಾನಿ ಊಟದ ಮಾತೆತ್ತಲಿಲ್ಲ. ಯಾವ ಕೆಲಸ ಮಾಡಿದರೆ ನಿಮಗೆ ನಿಮ್ಮ ಮೇಲೇ ಹೇಸಿಗೆಯಾಗುತ್ತದೆ ಎಂದು ಕೇಳಿದರು. ಸೌಂದರ್ಯಳ ತಂದೆ ಮುರುಗೇಶಪ್ಪ ಕಾರ್ಖಾನೆಯೊಂದರಲ್ಲಿ ಹಾಜರಿ ಗುಮಾಸ್ತರಾಗಿದ್ದವರು. ಸ್ವಂತ ಭಾವಮೈದುನ ಕೆಲಸಕ್ಕೆ ಬಾರದ ದಿನ ಬಂದನೆಂದು ಬರೆಯದೆ ನೆಂಟಸ್ತಿಕೆ ಕೆಡಿಸಿಕೊಂಡಿದ್ದರು. ಮಗಳು ತಡವರಿಸದೆ ಹೇಳಿದಳು: “ಸುಳ್ಳು ಸಹಿ ಹಾಕಲ್ಲ ಮೇಡಂ. ನಮ್ಮನೇಲಿ ಯಾರೂ ಹಾಕಿಲ್ಲ.”

ಹೇಳಿದ ಮೇಲೆ ರುಚಿ ಪುಸ್ತಕ ನೆನಪಾಯಿತು. ಬಸ್ಸಿನಲ್ಲಿ ಭದ್ರಾವತಿಯವರೆಗೂ ಆ ಇನ್ನೊಬ್ಬಳು ಪಕ್ಕದಲ್ಲೇ ಕೂತಿದ್ದಳು.

ಮರುದಿನ ಅಡುಗೆಯ ಕಾಳಮ್ಮ ಎಂದಿನಂತೆ ಪುಸ್ತಕ, ಪೆನ್ನು ಇಷ್ಟನ್ನೇ ತಂದರು. ಸೌಂದರ್ಯ ತಟ್ಟೆ ಕೇಳಿದಳು. ಮಕ್ಕಳು ಸಾಲಾಗಿ ಕೂತು ಕಾಯುತ್ತಿದ್ದರು, ಸಹಿಯಿಲ್ಲದೆ ಬಡಿಸುವಂತಿಲ್ಲ. ಸಹಿ ಹಾಕು, ಯಾರು ನೋಡುತ್ತಾರೆ ಎಂದು ಎದುರಿಗೆ ಬಂದು ಕೂತ ಆ ಇನ್ನೊಬ್ಬಳು ಮೊದಲ ಸಲ ಬೇರೆ ಮಾತಾಡಿದಳು. ಅನ್ನದ ಹಬೆ ಅಡಗಿತು. ಸೌಂದರ್ಯ ಒಂದು ತುತ್ತು ಬಾಯಿಗಿಟ್ಟು ನುಂಗಿದಳು.

“ಉಪ್ಪಿಲ್ಲ ಕಾಳಮ್ಮ.”

“ಎರಡು ವರ್ಷದಿಂದ ಚೆನ್ನಾಗಿದೆ ಅಂತ ಬರೀತಿದ್ರಲ್ಲ ಟೀಚರೇ. ಇವತ್ತು ನಾಲಿಗೆ ಬಂತಾ?”

“ಅವಾಗೆಲ್ಲ ನಾನು ತಿಂದೇ ಇರ್ಲಿಲ್ಲ.”

ಕಾಳಮ್ಮ ಸಾಂಬಾರಿಗೆ ಉಪ್ಪು ಹಾಕಿ, ಕಲಕಿ, ತಟ್ಟೆಗೆ ಇನ್ನೊಂದು ಸೌಟು ಬಿಟ್ಟರು. ಉಪ್ಪು ಹಾಕಿದ ಮೇಲೆ ಮತ್ತೆ ನೋಡಲೇಬೇಕು. ಎರಡನೆಯ ತುತ್ತು ಮೊದಲಿನದಕ್ಕಿಂತ ಕಷ್ಟವಾಯಿತು. ಸಹಿ ಆಮೇಲೆ ಬಿತ್ತು. ಹಳೆಯ ಸಹಿಗಳ ವಿಷಯವನ್ನು ಅವಳೇ ಮುಖ್ಯಶಿಕ್ಷಕರಿಗೆ ಬರೆದುಕೊಟ್ಟಳು. ನೋಟಿಸು ಬಂತು, ಉತ್ತರ ಕೊಟ್ಟಳು.

ಕಾಯಿಲೆ ಬಿಟ್ಟುಹೋಗಿಲ್ಲ. ಔಷಧಿ, ಸವಳಂಗ ರಸ್ತೆಯ ಭೇಟಿ ಎರಡೂ ನಡೆದಿವೆ. ಭಾನುವಾರ ಶಾಲೆಯಿಲ್ಲ, ಪುಸ್ತಕವಿಲ್ಲ. ಎದುರಿನವಳ ದನಿ ಆ ದಿನ ಹೆಚ್ಚು. ಅದಕ್ಕೆ ಜಗದಾಂಬಾ ಮನೆಯಲ್ಲೂ ತಟ್ಟೆಯ ಪಕ್ಕ ಒಂದು ನೋಟ್‌ಬುಕ್ ಇಡುತ್ತಾರೆ. ಒತ್ತಾಯಿಸುವುದಿಲ್ಲ. ಸೌಂದರ್ಯ ಉಂಡರೆ ಮಾತ್ರ ಬರೆದು ಸಹಿ ಹಾಕುತ್ತಾಳೆ. ಈ ವರ್ಷ ಮೂರು ಭಾನುವಾರಗಳ ಪುಟಗಳು ಖಾಲಿ ಇವೆ. ಅಲ್ಲಿ ಸಹಿಯೂ ಇಲ್ಲ.