ನೀರಿಗಿಂತ ಮೊದಲು ಬರುವ ಗಾಳಿ

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ವಾಲ್ವ್‌ಗಳು ತಯಾರಾಗುತ್ತವೆ. ಬಹಳ ವರ್ಷ ನನ್ನ ಪಾಲಿಗಿದ್ದದ್ದು ಡ್ರಾಯಿಂಗ್ ಮಾತ್ರ: ಮಾಲೀಕರು ಹೇಳಿದ ಅಳತೆಗೆ ಗೆರೆ ಎಳೆಯುವುದು, ಅವರು ಮನಸ್ಸು ಬದಲಿಸಿದಾಗ ಅದನ್ನು ಅಳಿಸುವುದು. ಎಂಜಿನಿಯರಿಂಗ್ ಓದಿದ್ದು ಇದಕ್ಕೇನಾ ಎಂದು ಧಾರವಾಡದಿಂದ ಬರುವ ಬಸ್ಸಿನಲ್ಲಿ ಕೂತು ನನ್ನಷ್ಟಕ್ಕೆ ಸಿಡಿಮಿಡಿಗೊಳ್ಳುತ್ತಿದ್ದೆ. ನನ್ನ ಸಿಟ್ಟು ಬಸ್ಸು ಇಳಿಯುವಷ್ಟರಲ್ಲಿ ಇಳಿಯುವಂಥದ್ದಲ್ಲ.

ಕಳೆದ ಬೇಸಿಗೆಗೆ ಮುಂಚೆ ಮನೆಯ ನಳದ ಲೈನಿಗೆ ಹಾಕುವ ಒಂದು ರಬ್ಬರ್ ವಾಲ್ವ್ ಮಾಡುವ ಮಾತು ಬಂತು. ಅದರೊಳಗೆ ಬಾತುಕೋಳಿಯ ಕೊಕ್ಕಿನಂಥ ಎರಡು ತುಟಿಗಳು. ನೀರು ಒತ್ತಿದರೆ ತೆರೆಯುತ್ತವೆ, ಒತ್ತಡ ನಿಂತರೆ ಮುಚ್ಚಿಕೊಳ್ಳುತ್ತವೆ. ಮನೆಯ ನೀರು ಬೀದಿಯ ಪೈಪಿಗೆ ಹಿಂದಕ್ಕೆ ಹೋಗುವುದಿಲ್ಲ. ಆ ತುಟಿಯ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುತ್ತೇನೆ ಎಂದೆ. ಅಲ್ಲಿಯವರೆಗೆ ನಮ್ಮಲ್ಲಿ ಅಚ್ಚು ಮಾಡುವುದು, ಸರಿಬರದಿದ್ದರೆ ಅಚ್ಚು ಕೆಡಿಸಿ ಮತ್ತೆ ಮಾಡುವುದು, ಇಷ್ಟೇ ಪದ್ಧತಿ.

ಮಾಲೀಕರು ಮೀಸೆ ತಿರುವಿದರು. “ಟ್ರಯಲ್ ಮ್ಯಾಲ ಸ್ವಲ್ಪ ದಿನ ಪುಕ್ಕಟ ಸಾಫ್ಟ್‌ವೇರ್ ಸಿಗತೈತಂತಲ್ಲ, ಮಾಡಿ ತೋರಸ್ರಿ ಮೇಡಂ. ನೀವು ಹೇಳಿದಂಗ ವಾಲ್ವ್ ನಡೀತಂದ್ರ ರೊಕ್ಕಾ ಕೊಟ್ಟು ತಗೊಳ್ಳೋಣು. ಇಲ್ಲಂದ್ರ ನಿಮ್ಮ ಡ್ರಾಯಿಂಗ್ ನಿಮಗ.”

ಅಂದರೆ ಎಲ್ಲವೂ ಈ ಒಂದು ವಾಲ್ವ್ ಮೇಲೆ ನಿಂತಿತು. ಮತ್ತೆ ಗೆರೆ ಅಳಿಸುತ್ತ ಕೂರುವುದು ನನಗೆ ಸುತರಾಂ ಬೇಡವಾಗಿತ್ತು.

ಕೆಲಸ ಇಷ್ಟು: ನೀರು ಇರುವ ಜಾಗವನ್ನೆಲ್ಲ ಸಣ್ಣ ಸಣ್ಣ ತ್ರಿಕೋನಗಳ ಜಾಲವಾಗಿ ಕತ್ತರಿಸಬೇಕು. ಒಂದೊಂದು ತ್ರಿಕೋನದಲ್ಲೂ ನೀರಿನ ವೇಗವೆಷ್ಟು, ಒತ್ತಡವೆಷ್ಟು ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಗಟ್ಟಿ ಪೈಪಾದರೆ ಜಾಲ ಹಾಗೇ ಇರುತ್ತದೆ. ಇಲ್ಲಿ ತುಟಿಗಳು ಅಲುಗಾಡುತ್ತವೆ, ಹಾಗಾಗಿ ಜಾಲವೂ ಅವುಗಳ ಜೊತೆ ಹಿಗ್ಗಬೇಕು, ಕುಗ್ಗಬೇಕು. ಬಹಳ ಹಿಗ್ಗಿದರೆ ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳುವ ಹಾಗೆ ಸೀಳುತ್ತದೆ. ಆಗ ರೊಟ್ಟಿಗೆ ಏನು ಮಾಡುತ್ತೇವೋ ಅದನ್ನೇ ಮಾಡಬೇಕು: ಮುದ್ದೆ ಕಟ್ಟಿ ಮತ್ತೆ ಬಡಿಯುವುದು. ಹಳೆಯ ಜಾಲ ಬಿಟ್ಟು ಹೊಸದನ್ನು ಹೆಣೆದು, ಹಳೆಯದರ ಲೆಕ್ಕವನ್ನು ಹೊಸದಕ್ಕೆ ದಾಟಿಸುವುದು.

ಮೊದಮೊದಲು ತುಟಿ ಮುಚ್ಚುವ ಹೊತ್ತಿಗೆ ಲೆಕ್ಕ ನಿಂತುಬಿಡುತ್ತಿತ್ತು. ಒಂದು ತ್ರಿಕೋನ ಮಗುಚಿ ಅದರ ವಿಸ್ತೀರ್ಣ ಸೊನ್ನೆಗಿಂತ ಕೆಳಗೆ ಹೋಗಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ಮಾಲೀಕರು ಬೆನ್ನ ಹಿಂದೆ ನಿಂತು ಓದಿದರು. “ಸೊನ್ನಿಗಿಂತ ಕಡಿಮಿ ಜಾಗಾ ಅಂದ್ರ ಎಲ್ಲೈತ್ರಿ ಅದು? ನಮ್ಮ ಸ್ಟೋರ್ ರೂಮಿಗೂ ಒಂದಿಷ್ಟು ತೋರಸ್ರಿ.” ನನಗೆ ನಗು ಬರಲಿಲ್ಲ. ಲೆಕ್ಕದಲ್ಲಿ ಮಾತ್ರ ತುಟಿಗಳು ಪೂರ್ತಿ ಕೂಡದಂತೆ ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟೆ. ಈ ಕೆಲಸದಲ್ಲಿ ಎಲ್ಲರೂ ಹಾಗೇ ಬಿಡುತ್ತಾರೆ. ಲೆಕ್ಕ ಕೊನೆಯವರೆಗೆ ಓಡಿತು.

ವಾಲ್ವಿಗೆ ನೀರು ಬಿಟ್ಟು ನೋಡುವ ಪರೀಕ್ಷೆಯ ಬೆಂಚು ನೋಡಿಕೊಳ್ಳುವವರು ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯರು, ನಮ್ಮ ಅಚ್ಚಿನ ಮಿಸ್ತ್ರಿಯೂ ಅವರೇ. ನಾನು ಕೊಟ್ಟ ಆಕಾರದಲ್ಲಿ ರಬ್ಬರ್ ಕತ್ತರಿಸಿ ಅಂಟಿಸಿ ಒಂದು ನಮೂನೆ ಮಾಡಿದರು. ಎಂದಿನಂತೆ ಪೈಪಿಗೆ ಬಕೆಟ್‌ನಿಂದ ನೀರು ತುಂಬಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಪಂಪ್ ಹಾಕಿದರು. ನನ್ನ ಲೆಕ್ಕದಲ್ಲಿ ಬಂದಂತೆಯೇ ತುಟಿ ತೆರೆಯಿತು, ಮುಚ್ಚಿತು. ಚಾಚಾ ಪೇಢೆ ಕೇಳಿದರು. ಸೋಮವಾರ ಅಚ್ಚಿಗೆ ಉಕ್ಕು ಕತ್ತರಿಸುವುದೆಂದು ಮಾಲೀಕರು ಹೇಳಿದರು. ನಾನು ಆ ಸಂಜೆ ಬಸ್ಸಿನಲ್ಲಿ ಸಿಡುಕದೆ ಮನೆಗೆ ಹೋದೆ.

ಭಾನುವಾರ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ನೀರು ಬರುವ ದಿನ. ಎಷ್ಟೋ ದಿನಕ್ಕೊಮ್ಮೆ ಬರುವ ನೀರು, ಯಾವ ಗಳಿಗೆಗೆ ಬರುತ್ತದೋ ಯಾರಿಗೂ ತಿಳಿಯದು. ಅದಕ್ಕೇ ಓಣಿಯಲ್ಲಿ ಎಲ್ಲರೂ ನಳ ತೆರೆದೇ ಇಟ್ಟಿರುತ್ತಾರೆ. ಮೊದಲು ನಳ ಸುಸ್ ಎಂದು ಗಾಳಿ ಬಿಡುತ್ತದೆ, ಕೆಮ್ಮುತ್ತದೆ, ಆಮೇಲೆ ನೀರು. ಅಂದೂ ನಳ ಸುಸ್ ಎಂದಿತು. ಅತ್ತೆ ಒಳಗಿನಿಂದಲೇ, “ಗಾಳಿ ಬಂತು, ಕೊಡಾ ತೊಳೀ ಲಗೂ” ಎಂದರು. ನಾನು ಕೊಡ ಹಿಡಿದುಕೊಂಡು ನಿಂತಲ್ಲೇ ನಿಂತೆ.

ನನ್ನ ಜಾಲದ ತುಂಬ ಮೊದಲಿನಿಂದಲೂ ನೀರೇ ಇತ್ತು. ಚಾಚಾರ ಪೈಪಿನಲ್ಲೂ ನೀರೇ ಇತ್ತು. ಎರಡೂ ಒಂದಕ್ಕೊಂದು ಹೊಂದಿದ್ದವು, ನಮ್ಮೂರಿಗೆ ಮಾತ್ರ ಹೊಂದಿರಲಿಲ್ಲ. ಹುಟ್ಟಿದಾಗಿನಿಂದ ಈ ಸುಸ್ ಕೇಳಿಕೊಂಡೇ ಬೆಳೆದ ನಾನು, ಚಾಚಾ, ಮಾಲೀಕರು ಮೂವರೂ ಕಾರ್ಖಾನೆಯ ಗೇಟಿನಲ್ಲಿ ಅದನ್ನು ಮರೆತು ಒಳಗೆ ಹೋಗುತ್ತಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಬೆಳಿಗ್ಗೆ ಮಾಲೀಕರ ಮುಂದೆ ನಿಂತೆ. “ಸಾಹೇಬ್ರ, ಅಚ್ಚು ಮಾಡಬ್ಯಾಡ್ರಿ. ನಮ್ಮ ಲೈನಿನ್ಯಾಗ ಮೊದಲ ಗಾಳಿ ಬರತೈತಿ. ಅದನ್ನ ನಾವು ನೋಡೇ ಇಲ್ಲ.”

ಅವರು ಸೀದಾ ಬೆಂಚಿನ ಬಳಿ ಹೋದರು. ಚಾಚಾ ಬಕೆಟ್ ಬದಿಗಿಟ್ಟು ಖಾಲಿ ಪೈಪಿಗೇ ಪಂಪ್ ಹಾಕಿದರು. ನೀರು ಮುಂದೆ ತಳ್ಳಿದ ಗಾಳಿಗೆ ತುಟಿಗಳು ಫಟಫಟ ಬಡಿದುಕೊಂಡವು. ಸ್ವಲ್ಪ ಹೊತ್ತಿನಲ್ಲಿ ಅಂಟು ಬಿಟ್ಟು ಒಂದು ತುಟಿ ಕಿತ್ತುಬಂತು. ಚಾಚಾ ಅದನ್ನು ಎತ್ತಿ ನೋಡಿ, “ಮನ್ಯಾಗ ನೀರು ಬಂದಾಗೊಮ್ಮೆ ಕೇಳತೇವಲ್ರಿ ಇದನ್ನ” ಎಂದು ತಲೆ ಕೆರೆದುಕೊಂಡರು.

“ಟ್ರಯಲ್ ಇನ್ನೂ ಐತೇನ್ರಿ?” ಎಂದರು ಮಾಲೀಕರು. ಈ ತಿಂಗಳ ಕೊನೆಯವರೆಗೆ ಎಂದೆ. “ಹಂಗಾರ ಗಾಳಿ ಹಾಕಿ ಲೆಕ್ಕಾ ಮಾಡ್ರಿ. ಈ ಸಲ ಬೆಂಚ್ ಬ್ಯಾಡ. ನಿಮ್ಮ ಮನಿ ನಳಕ್ಕ ಹಾಕಿ ನೋಡೋಣು. ಅಲ್ಲೇ ತೀರ್ಮಾನ.”

ಗಾಳಿ ಹಾಕಿದ ಮೇಲೆ ಜಾಲ ಸೀಳಿದ್ದಕ್ಕೆ ಲೆಕ್ಕವೇ ಇಲ್ಲ. ತುಟಿಯ ಬುಡ ದಪ್ಪ ಮಾಡಿದೆ, ತುದಿ ಮೋಟು ಮಾಡಿದೆ, ಮತ್ತೆ ಮತ್ತೆ ಜಾಲ ಹೆಣೆದೆ. ಬಡಿತ ಪೂರ್ತಿ ಹೋಗಲೇ ಇಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಮಾಲೀಕರಿಗೆ ಹೇಳಿದೆ: ಗಾಳಿ ಬಂದಾಗ ಮೊದಲು ತುಸು ಬಡಿದುಕೊಳ್ಳುತ್ತದೆ, ಆದರೆ ನೀರು ಮುಟ್ಟುವ ಮೊದಲೇ ಸುಮ್ಮನಾಗುತ್ತದೆ. “ನೋಡೋಣು” ಎಂದರು.

ಟ್ರಯಲ್ ಮುಗಿಯುವ ಮುಂಚಿನ ನೀರಿನ ದಿನ ಮಾಲೀಕರು, ಚಾಚಾ ಇಬ್ಬರೂ ನಮ್ಮ ಹಿತ್ತಲಿಗೆ ಬಂದು ಕೂತರು. ಚಾಚಾ ಹೊಸ ನಮೂನೆಯನ್ನು ಲೈನಿಗೆ ಕೂಡಿಸಿದರು. ಅತ್ತೆ ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಮತ್ತೆ ಚಹಾ ಕೊಟ್ಟರು. ನೀರಿನ ಸುಳಿವಿಲ್ಲ. 

ಬಿಸಿಲು ಏರಿದ ಮೇಲೆ ನಳ ಸುಸ್ ಎಂದಿತು. ಹಿಂದೆಯೇ ವಾಲ್ವ್ ಫಟಫಟ ಎಂದಿತು. ಚಾಚಾ ನನ್ನ ಮುಖ ನೋಡಲಿಲ್ಲ. ಮಾಲೀಕರು ಕಪ್ಪು ಕೆಳಗಿಟ್ಟು ಪೈಪಿನ ಮೇಲೆ ಅಂಗೈ ಇಟ್ಟರು. ಫಟಫಟ ಮಂದವಾಯಿತು, ನಿಂತಿತು. ಗಾಳಿ ಇನ್ನೂ ಸುಸ್ ಎನ್ನುತ್ತಲೇ ಇತ್ತು, ತುಟಿಗಳು ಸುಮ್ಮನಿದ್ದವು. ಆಮೇಲೆ ನಳ ಕೆಮ್ಮಿ ಕೆಂಪು ನೀರು ಉಗುಳಿತು.

“ನೀವು ಹೇಳಿದಂಗ ಆತು” ಎಂದರು ಮಾಲೀಕರು. “ನಾಳಿ ಸಾಫ್ಟ್‌ವೇರ್ ಲೈಸನ್ಸಿಗೆ ಬರೀರಿ.”

ನಾನು ಕೂತಲ್ಲಿಂದಲೇ ಲೈಸನ್ಸಿಗೆ ಏನೇನು ಬೇಕೆಂದು ಹೇಳತೊಡಗಿದೆ. ಅತ್ತೆ ಅವರ ಮುಂದೆಯೇ ಗದರಿದರು: “ಮಾತು ಆಮ್ಯಾಲ ಆಡೀಯಂತ. ನೀರು ಹೋಗೂದ್ರಾಗ ಕೊಡಾ ಹಚ್ಚು.” ನಾನು ಏಳುವಷ್ಟರಲ್ಲಿ ಮಾಲೀಕರು ಅಂಗಿಯ ತೋಳು ಮಡಚಿ ನಳದ ಕೆಳಗೆ ಕೊಡ ಇಟ್ಟಿದ್ದರು.