ಬ್ರೇಕ್ ನನ್ನದಾಗಿತ್ತು, ಖಾಜಾ

ಇಲ್ಲ... ನಂಬುವುದಕ್ಕೇ ಆಗುತ್ತಿಲ್ಲ.

ಬೆಳಿಗ್ಗೆ ರಶೀದ್ ಫೋನ್ ಮಾಡಿ, "ಭಾಯಿ ಹೋಗಿಬಿಟ್ಟನ್ರಿ, ರೇವಣಣ್ಣ" ಅಂದ.
ಸುಳ್ಳು ಹೇಳಬೇಡ ಅಂತ ಬೈದೆ...
ಅಣ್ಣನನ್ನು ಕಳಕೊಂಡು ಅಳುತ್ತಿದ್ದವನಿಗೆ ಬೈದೆ.

ನನ್ನ ಗೆಳೆಯ ಖಾಜಾಮಿಯಾ...
ಬಸವಕಲ್ಯಾಣದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವನು. ಈ ಪೋಸ್ಟ್ ಓದುವವರಲ್ಲಿ ಎಷ್ಟೋ ಜನ ಅವನ ಹತ್ತಿರವೇ ಕಾರು ಕಲಿತವರು.
ನಸುಕಿನಲ್ಲಿ ಎದೆನೋವು ಅಂದನಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಮಧ್ಯಾಹ್ನದ ನಮಾಜ್ ಆದಮೇಲೆ ಮಣ್ಣು ಕೊಟ್ಟು, ಈಗಷ್ಟೇ ಹುಮನಾಬಾದಿಗೆ ಬಂದು ಕೂತಿದ್ದೇನೆ.
ಮನೆ ತುಂಬ ಜನ ಇದ್ದಾರೆ.
ಆದರೂ ನಾನೊಬ್ಬನೇ ಉಳಿದೆ ಅನ್ನಿಸುತ್ತಿದೆ...

ಅವನು ಮೊಟ್ಟಮೊದಲು ಕಾರು ಓಡಿಸಿದ್ದು ಎಲ್ಲಿ ಅಂತ ನನಗೊಬ್ಬನಿಗೇ ಗೊತ್ತು.
ಹುಡುಗರಿದ್ದಾಗ ಇಬ್ಬರೂ ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ!

ಸರ್ ಊಟಕ್ಕೆ ಹೋದರೆ ಸಾಕು, ನಾವು ಗೇಮ್ ಹಚ್ಚುತ್ತಿದ್ದೆವು. ಅಮೆರಿಕದ ಹಳೆಯ ಪೊಲೀಸ್ ಸೀರಿಯಲ್ ಒಂದರ ಮೇಲೆ ಮಾಡಿದ ಕಾರ್ ಗೇಮ್. ಇಬ್ಬರು ಪೊಲೀಸರು, ಒಂದು ಕಾರು, ಮುಂದೆ ಓಡುವ ಕಳ್ಳರು. ಆ ಸೀರಿಯಲ್ಲಿನ ಒಂದು ಕಂತನ್ನೂ ನಾವು ನೋಡಿದವರಲ್ಲ.
ಇದ್ದದ್ದು ಒಂದೇ ಕೀಬೋರ್ಡ್.
ಸ್ಟೇರಿಂಗ್ ಅವನದು. ಬ್ರೇಕ್ ಮತ್ತು ಸೈರನ್ ನನ್ನದು.

ಪೂರಾ ಒಂದು ತಿಂಗಳು ಒಬ್ಬ ಕಳ್ಳನೂ ಸಿಗಲಿಲ್ಲ.
ಯಾಕೆಂದರೆ ಖಾಜಾ ಕಾರನ್ನು ಎಡಗಡೆಯೇ ಓಡಿಸುತ್ತಿದ್ದ! ಎದುರಿನ ಗಾಡಿಗಳೆಲ್ಲ ಬಂದು ನಮಗೇ ಗುದ್ದುತ್ತಿದ್ದವು.

"ಏನ್ ಊರಲೇ ಇದು! ಎಲ್ಲಾರೂ ರಾಂಗ್ ಸೈಡ್ ಬರಾಕತ್ತಾರ!"
"ನೀನೂ ಬಲಕ್ಕ ಹೊಡೀಲೇ" ಅಂದರೆ ಸಿಟ್ಟಿಗೇಳುತ್ತಿದ್ದ.
"ನಾವು ಪೊಲೀಸ್ರಿದ್ದೀವಿ. ನಾವೇ ಕಾನೂನ್ ಮುರದ್ರ ಹ್ಯಾಂಗ?"

ಆ ದೇಶದಲ್ಲಿ ಬಲಗಡೆಯೇ ಸರಿ ಅಂತ ಕೊನೆಗೆ ಹೇಳಿದವರು ಸರ್. ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಬೈದರು.
ಅಲ್ಲಿಂದ ಒಬ್ಬೊಬ್ಬ ಕಳ್ಳನೂ ಸಿಕ್ಕ. ಕೊನೆಯ ಆಟ ಒಂದೇ ಬಾಕಿ ಅನ್ನುವಾಗ ಕ್ಲಾಸೇ ಮುಗಿದುಹೋಯಿತು.

ಖಾಜಾ...
ನಾನು ಕಾರು ಕಲಿಯಲು ಬಂದಾಗ ನಾರಾಯಣಪುರ ರಸ್ತೆಯಲ್ಲಿ ನನ್ನ ಪಕ್ಕ ಕೂತವನು ನೀನೇ. ಕಲಿಸುವ ಕಾರಲ್ಲವೇ, ನಿನ್ನ ಕಾಲಕೆಳಗೂ ಒಂದು ಬ್ರೇಕ್ ಇತ್ತು.
"ಅಂಜಬ್ಯಾಡ. ಆವಾಗ ಬ್ರೇಕ್ ನಿಂದಿತ್ತು, ಈಗ ನಂದು" ಅಂದೆಯಲ್ಲ...

ಹೋದ ತಿಂಗಳು ನೀನು ಅದೇ ಗೇಮ್ ಎಲ್ಲಿಂದಲೋ ಹುಡುಕಿ ತೆಗೆದು ಮೆಸೇಜ್ ಹಾಕಿದ್ದೆ.
"ಮೊದಲಿಂದ ಆಡಿ ಕಡೀ ಆಟದ ತನಕ ಬಂದೀನಿ. ಅದೊಂದು ಇಬ್ಬರೂ ಕೂಡೇ ಆಡೋಣು. ಭಾನುವಾರ ಬಾ ಲೇ."
"ಮುಂದಿನ ವಾರ ಪಕ್ಕಾ" ಅಂತ ನಾನು ಬರೆದೆ.
ಮೂರು ಸಲ ಹಾಗೇ ಬರೆದೆ, ಖಾಜಾ.
ಮೂರೂ ಸಲ ಮನೆಯಲ್ಲೇ ಇದ್ದೆ. ಕೆಲಸ ಇರಲಿಲ್ಲ, ಕಾಯಿಲೆ ಇರಲಿಲ್ಲ. ಬರೀ ಆಲಸ್ಯ... ಖಾಜಾ ಎಲ್ಲಿಗೆ ಹೋಗುತ್ತಾನೆ ಬಿಡು ಅನ್ನುವ ಸೊಕ್ಕು.

ಇವತ್ತು ರಶೀದ್ ನಿನ್ನ ಕೋಣೆಗೆ ಕರೆದುಕೊಂಡು ಹೋದ.
ಕಂಪ್ಯೂಟರ್ ಮುಂದೆ ಎರಡು ಕುರ್ಚಿ...
"ಅವನೊಬ್ಬನೇ ಆಡಿ ಮುಗಿಸಬಹುದಿತ್ತಲ್ಲೋ?" ಅಂತ ರಶೀದನಿಗೆ ಅಂದೆ.
"ನಾ ಬ್ರೇಕ್ ಒತ್ತತೀನಿ ಅಂದಿದ್ದೆರಿ. ಬ್ಯಾಡ, ಅದು ರೇವಣನ ಕುರ್ಚಿ ಅಂದ ಭಾಯಿ. ಭಾನುವಾರ ಬಂತಂದ್ರ ಒರಸಿ ಇಡ್ತಿದ್ದನ್ರಿ..."

ಕೂತೆ, ಖಾಜಾ. ನನ್ನ ಕುರ್ಚಿಯಲ್ಲೇ ಕೂತೆ.
ಕಂಪ್ಯೂಟರ್ ಬಂದ್ ಆಗಿತ್ತು. ಪಕ್ಕದಲ್ಲಿ ನೀನಿರಲಿಲ್ಲ.
ಬ್ರೇಕಿನ ಕೀ ಮೇಲೆ ಬೆರಳಿಟ್ಟು ಒತ್ತಿದೆ... ಒತ್ತುತ್ತಲೇ ಇದ್ದೆ.
ರಶೀದ್ ಬಂದು ನನ್ನ ಕೈ ಹಿಡಿದುಕೊಂಡ.

ನೀನು ಹೋದ ಊರಲ್ಲಿ ಯಾವ ಕಡೆ ಓಡಿಸುತ್ತಾರೋ ಗೊತ್ತಿಲ್ಲ... ಯಾರನ್ನಾದರೂ ಕೇಳಿಕೊಂಡು, ನಿಧಾನ ಹೋಗು ದೋಸ್ತ.
ನಿನ್ನ ರೂಹಿಗೆ, ಆತ್ಮಕ್ಕೆ, ಅಲ್ಲಾಹು ತಣ್ಣನೆಯ ನೆರಳು ಕೊಡಲಿ.
ಈ ಭಾನುವಾರ ಗೋರಿ ಹತ್ತಿರ ಬರುತ್ತೇನೆ...
ಪಕ್ಕಾ.