ಚೆಂಡು ಮೇಲೆ ಬರುವ ದೃಶ್ಯ

ನನಗೆ ಮೊದಲಿನಿಂದಲೂ ಒಂದು ಕೆಟ್ಟ ಚಟ. ಅರ್ಧಮರ್ಧ ಆದದ್ದನ್ನು ಯಾರಿಗೂ ತೋರಿಸುವುದಿಲ್ಲ. ರೊಟ್ಟಿ ಬಡಿಯುವಾಗ ಯಾರಾದರೂ ಒಲೆಯ ಹತ್ತಿರ ಬಂದು ಇಣುಕಿದರೂ ಸಿಡಿಮಿಡಿ. ಬೇಡಕಿಹಾಳದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಕಲಿಸುತ್ತಿದ್ದಾಗ, ಹೊಸದಾಗಿ ಕೊಂಡ ಟಚ್ ಫೋನಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಂದು ಕಿರುಚಿತ್ರ ತೆಗೆದೆ. ಆ ಚಟ ಅಲ್ಲಿಯೂ ನನ್ನನ್ನು ಬಿಡಲಿಲ್ಲ.

ಕಥೆ ಮಕ್ಕಳದ್ದೇ. ಶಾಲೆಗೆ ಇರುವುದು ಒಂದೇ ಚೆಂಡು, ಅದು ಹಾಳು ಬಾವಿಗೆ ಬೀಳುತ್ತದೆ. ಬಕೀಟು ಇಳಿಸಿ ಎತ್ತೋಣವೆಂದರೆ ಯಾರ ಮನೆಯಲ್ಲೂ ಅಷ್ಟುದ್ದದ ಹಗ್ಗ ಇಲ್ಲ. ಒಬ್ಬ ಆಡು ಕಟ್ಟುವ ಹಗ್ಗ ತರುತ್ತಾನೆ, ಒಬ್ಬಳು ಅವ್ವನ ಹಳೆ ಸೀರೆ, ಇನ್ನೊಬ್ಬ ತಂಬಾಕಿನ ಚೀಲ ಹೊಲಿಯುವ ಸುತಳಿ. ಎಲ್ಲವನ್ನೂ ಜೋಡಿಸಿ ಚೆಂಡು ಎತ್ತುತ್ತಾರೆ. ಇಷ್ಟೇ.

ಹಗ್ಗ ಎಳೆಯುವ ಹುಡುಗಿಯಾಗಿ ನಾನು ಆರಿಸಿದ್ದು ತರಗತಿಯಲ್ಲೇ ಗಟ್ಟಿ ಕೈಯವಳನ್ನು. ಅವಳ ಅವ್ವ ಅಪ್ಪ ತೆಲಸಂಗದ ಕಡೆಯವರು, ಕಬ್ಬು ಕಡಿಯುವ ಟೋಳಿಯ ಜೊತೆ ದೀಪಾವಳಿ ಮುಗಿಸಿ ಬಂದು ನಮ್ಮೂರ ಹೊಲದ ಅಂಚಿನಲ್ಲಿ ಗುಡಿಸಲು ಹಾಕಿದ್ದರು. ಮೊದಲ ದಿನದ ಶೂಟಿಂಗಿನಲ್ಲೇ ಸೀರೆಗೆ ಹಾಕಿದ ಗಂಟು ಜಾರಿ ಬಕೀಟು ಬಾವಿ ಪಾಲಾಯಿತು. ನಾನು ಎಲ್ಲರಿಗೂ ಬೈದೆ. ಅವಳು ಮಾತ್ರ ಹೆದರಲಿಲ್ಲ.

"ಗಂಟು ಯಾಕ ಹಾಕ್ತೀರಿ ಅಕ್ಕೋರ? ಎರಡೂ ತುದಿ ಕೂಡಿಸಿ ಹುರಿ ಮಾಡಿ ಒಳಗ ಸಿಗಸ್ರಿ. ನಮ್ಮವ್ವ ಕಬ್ಬಿನ ಹೊರಿ ಹಿಂಗ ಕಟ್ಟತಾಳ."

ಕಬ್ಬು ಕಡಿಯುವವರು ಹೊರೆ ಕಟ್ಟಲು ಹಗ್ಗ ಬಳಸುವುದಿಲ್ಲ, ಕಬ್ಬಿನ ತುದಿಯ ಹಸಿ ಸೋಗೆಯನ್ನೇ ತಿರುಚಿ ಬಿಗಿಯುತ್ತಾರೆ. ಕಬ್ಬು ಬೆಳೆಯುವ ಮನೆಯಲ್ಲೇ ಹುಟ್ಟಿದ ನಾನು ಅದನ್ನು ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ. ಅವಳು ಜೋಡಿಸಿದ ಮೇಲೆ ಇಬ್ಬರು ಹುಡುಗರು ಜೋತುಬಿದ್ದು ಪರೀಕ್ಷೆ ಮಾಡಿದರು. "ಎತ್ತು ಹೂಡಿ ಎಳದ್ರೂ ಬಿಚ್ಚೂದಿಲ್ಲ ಬಿಡಲೇ" ಎಂದು ಒಬ್ಬ ತೀರ್ಪು ಕೊಟ್ಟ. ನಾನು ಕಥೆಯನ್ನೇ ಬದಲಿಸಿದೆ. ಚಿತ್ರದಲ್ಲೂ ಅವಳೇ ಎಲ್ಲರಿಗೂ ಜೋಡಿಸುವುದನ್ನು ಕಲಿಸಿದಳು.

ದಿನಾ ಶೂಟಿಂಗ್ ಮುಗಿದ ಕೂಡಲೇ ಅವಳದು ಒಂದೇ ಮಾತು.

"ಅಕ್ಕೋರ, ನಾ ಹ್ಯಾಂಗ ಕಾಣ್ತೀನಿ? ಒಂದ ಸಲ ತೋರಸ್ರಿ."

"ಪೂರಾ ಆಗ್ಲಿ, ಎಲ್ಲಾರೂ ಕೂಡಿ ನೋಡೂಣು."

"ಸ್ವಲ್ಪರೀ, ನಂದಷ್ಟ."

"ಹಟ ಮಾಡಬ್ಯಾಡ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲೀತಾರೇನು?"

ಉಳಿದವರು ಕೇಳುವುದನ್ನು ಬಿಟ್ಟರು. ಅವಳು ಬಿಡಲಿಲ್ಲ, ನಾನೂ ಸೋಲಲಿಲ್ಲ. ಫೋನು ನನ್ನ ಕೈಯಲ್ಲೇ ಇರುತ್ತಿತ್ತು, ತೋರಿಸಲು ಅರ್ಧ ನಿಮಿಷ ಸಾಕಿತ್ತು.

ಚೆಂಡು ಮೇಲೆ ಬರುವ ಕೊನೆಯ ದೃಶ್ಯವೊಂದೇ ಉಳಿದಿತ್ತು. ಆ ಶುಕ್ರವಾರ ಮೋಡ. ನನಗೋ ಅವಳ ಮುಖದ ಮೇಲೆ ಸಂಜೆ ಬಿಸಿಲೇ ಬೇಕು. ಸೋಮವಾರ ತೆಗೆದರಾಯಿತು ಎಂದೆ. ಸಕ್ಕರೆ ಫ್ಯಾಕ್ಟರಿಯ ಭೋಂಗಾ, ಪಾಳಿಯ ಸೈರನ್ನು, ಇನ್ನೂ ಕೂಗುತ್ತಿತ್ತು, ಹೋಳಿಯವರೆಗೂ ಕಬ್ಬು ಅರೆಯುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು. ಭೋಂಗಾ ಕೂಗುವಷ್ಟು ದಿನ ಟೋಳಿ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಬರೀ ಭೋಂಗಾ ಕೇಳುತ್ತ ಕೂತೆ, ಹೊಲದ ಕಡೆ ನೋಡಲಿಲ್ಲ. ಹಳ್ಳದ ಈಚೆಯ ಕಬ್ಬು ಶನಿವಾರವೇ ಮುಗಿದಿತ್ತು. ಭಾನುವಾರ ಟ್ರ್ಯಾಕ್ಟರು ಬಂದು ಟೋಳಿಯನ್ನು ಬೇರೆ ಹೊಲಕ್ಕೆ ಒಯ್ದಿತ್ತು.

ಸೋಮವಾರ ಮಕ್ಕಳು ಹೇಳಿದರು, "ಟೋಳಿ ಹೋತ್ರಿ ಅಕ್ಕೋರ, ಕಾಗವಾಡ ಕಡೆ."

"ನನಗ ಯಾಕ ಹೇಳಲಿಲ್ಲ?" ಎಂದು ಅವರ ಮೇಲೇ ಹರಿಹಾಯ್ದೆ. ಪಾಪ, ಅವರೇನು ಮಾಡಿದ್ದರು? ಅವತ್ತು ಸಂಜೆ ಬಿಸಿಲು ನಾನು ಬಯಸಿದ ಹಾಗೇ ಬಿದ್ದಿತ್ತು. ಬೇರೆ ಹುಡುಗಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಚೆಂಡು ಎತ್ತಿಸಿದೆ. ಶಾಲೆಯ ಗೋಡೆಯ ಮೇಲೆ ಚಿತ್ರ ತೋರಿಸಿದಾಗ ಊರವರು ಚಪ್ಪಾಳೆ ಹೊಡೆದರು. ಅಲ್ಲಿ ನಿಲ್ಲಲಾಗದೆ ನಾನು ಬಿಸಿಯೂಟದ ಅಡುಗೆ ಕೋಣೆಗೆ ಹೋಗಿ ಕೂತೆ.

ಬಸ್ಸು ಹಿಡಿದು ಕಾಗವಾಡದ ಕಡೆ ಎರಡು ಸಲ ಹೋಗಿ ಹುಡುಕಿದೆ. ಆಮೇಲೆ ಪ್ರತಿ ದೀಪಾವಳಿಗೂ ಗುಡಿಸಲುಗಳು ಎದ್ದ ಕೂಡಲೇ ಫೋನು ಹಿಡಿದು ಹೋಗಿ ವಿಚಾರಿಸುತ್ತಿದ್ದೆ. ಯಾವ ಹುಡುಗಿ ಬಂದು ತರಗತಿಯ ಬಾಗಿಲಲ್ಲಿ ನಿಂತರೂ ಅವಳೇ ಇರಬಾರದೇ ಅನಿಸುತ್ತಿತ್ತು. ಫೋನು ಬದಲಾದಾಗೆಲ್ಲ ಮೊದಲು ಆ ಚಿತ್ರ ಹೊಸದಕ್ಕೆ ಬಂತೋ ಇಲ್ಲವೋ ನೋಡುತ್ತಿದ್ದೆ.

ನಾಲ್ಕನೆಯ ವರ್ಷ ಕಬ್ಬೂರಿನ ಹತ್ತಿರ, ರಸ್ತೆ ಬದಿಯ ಕಬ್ಬಿನ ಹೊಲದಲ್ಲಿ, ಬಸ್ಸಿನ ಕಿಟಕಿಯಿಂದ ಕಂಡಳು. ಬಸ್ಸು ನಿಲ್ಲಿಸಿ ಇಳಿದೆ. ಎತ್ತರವಾಗಿದ್ದಳು, ಕೈಯಲ್ಲಿ ಅವ್ವನ ಕೈಯಲ್ಲಿರುವಂಥದೇ ಕೊಯ್ತಾ ಕತ್ತಿ. ಕಬ್ಬು ಕಡಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ನಾನು ಚಾಚಿದ ಫೋನು ತೆಗೆದುಕೊಂಡಳು. ನಿಂತಲ್ಲೇ ಚಿತ್ರ ಪೂರಾ ನೋಡಿದಳು. ತನ್ನ ಮುಖ ಬಂದಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ಇವ್ರೆಲ್ಲಾ ಈಗ ಎಲ್ಲಿ ಅದಾರ್ರಿ?"

"ಹೈಸ್ಕೂಲಿಗೆ ಹೋಗ್ಯಾರವ್ವ."

"ಎಲ್ಲಾರೂ?"

"ಹೂಂ, ಎಲ್ಲಾರೂ."

ಅವಳು ಇನ್ನೊಂದು ಸಲ ಮೊದಲಿನಿಂದ ನೋಡಿದಳು. ನನಗೆ ತಡೆಯಲಾಗಲಿಲ್ಲ. "ನಿನಗ ಆಗ ತೋರಸಬೇಕಾಗಿತ್ತು. ನಂದ ತಪ್ಪಾತವ್ವ" ಎಂದೆ.

ಅವಳು ಫೋನು ನನ್ನ ಕೈಗಿಟ್ಟು, ನನಗೇ ಸಮಾಧಾನ ಹೇಳುವವಳ ಹಾಗೆ ಅಂದಳು, "ತೋರಸಲಿಲ್ಲ, ಚೊಲೋ ಆತು ಬಿಡ್ರಿ ಅಕ್ಕೋರ. ನೋಡಿದ್ದರ ನಾ ಸಾಲಿ ಬಿಟ್ಟು ಬರೂದಿಲ್ಲಂತ ಹಟ ಹಿಡೀತಿದ್ದೆ."